ಹದಿನಾಕೋ, ಹದಿನಾರೋ

(1/9)
ಮೊದಲನೇ ಫೋಟೋ ನೋಡಿದ್ರಾ? ತೊಳೆದ ಬಿಳಿ ಅಂಗಿ, ಇಸ್ತ್ರಿ ಮಾಡಿದ ಧೋತರ, ಹೆಗಲ ಮೇಲೆ ಟವೆಲ್. ಮದುವೆಗೆ ಹೊರಟಿರಬೇಕು ಅಂದ್ಕೊಂಡಿರ್ತೀರಿ. ಅದು ನಮ್ಮ ಕಾಕಾ, ಹೋದ ತಿಂಗಳು ಕೋರ್ಟಿಗೆ ಹೊರಟಾಗ ಮನೆ ಮುಂದೆ ನಾನೇ ತೆಗೆದಿದ್ದು. ಮುಖ ಕಾಣದ ಹಾಗೆ ಮಾಡಿದೀನಿ, ಅವರೇ ಹೇಳಿದ್ದು. "ನನ್ ಕಥಿ ಬೇಕಾದ್ರ ಹಾಕು, ಮಾರಿ ಹಾಕಬ್ಯಾಡ" ಅಂದ್ರು.

ಕಾಕಾಗೆ ಕಾಲುವೆಯ ಕೊನೆ ಭಾಗದಲ್ಲಿ ಎರಡೆಕರೆ ಭತ್ತ ಇದೆ. ಉಳಿದ ದಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ಎಡದಂಡೆ ಕಾಲುವೆ ನೀರು ಮೇಲಿನವರಿಗೆ ಮೊದಲು, ಕೊನೆಯವರಿಗೆ ಉಳಿದಷ್ಟು. ಇದು ನಮ್ಮೂರಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾದ ವಿಷಯ ಅಲ್ಲ. ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ತೂಬಿನ ಹತ್ತಿರ ಜಗಳ ಆಯ್ತು. ತಳ್ಳಾಟ, ಬೈದಾಟ, ಒಬ್ಬರ ಕೈಗೆ ಪೆಟ್ಟು. ಬೆಳಗಾಗೋದ್ರಲ್ಲಿ ಕೇಸು, ಮಧ್ಯಾಹ್ನಕ್ಕೆ ಎದುರು ಕೇಸು. ಈಗ ಆ ಎರಡೂ ಮನೆಯವರು ಒಂದೇ ಹೋಟೆಲ್‌ನಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿಂತಾರೆ. ಕೇಸ್ ಮಾತ್ರ ಇನ್ನೂ ನಡೀತಾನೇ ಇದೆ.

ಹನ್ನೊಂದು ತಾರೀಖಿಗೆ ಕಾಕಾ ಹೋಗಿದ್ದಾರೆ, ಒಂದನ್ನೂ ತಪ್ಪಿಸಿಲ್ಲ. ಹನ್ನೊಂದನೇ ಸಲ ಹೋದಾಗ ಕೋರ್ಟಿನ ವರಾಂಡದಲ್ಲಿ ಸಂತೆಯಂಥ ಗದ್ದಲ. ಗುಮಾಸ್ತರು ಮುಂದಿನ ತಾರೀಖು ಕೂಗಿ ಹೇಳಿದ್ರು: ಹದಿನಾಕು. ಕಾಕಾ ಕಿವಿಗೆ ಬಿದ್ದಿದ್ದು: ಹದಿನಾರು.

ಫೋಟೋ ತೆಗೆದಿದ್ದು ಹದಿನಾರನೇ ತಾರೀಖು ಬೆಳಿಗ್ಗೆ.

(2/9)
ಹನ್ನೊಂದು ಗಂಟೆ ತನಕ ಕಾಕಾ ತಮ್ಮ ಹೆಸರು ಕೂಗ್ತಾರೆ ಅಂತ ಕಾದರು. ಹನ್ನೆರಡಾಯ್ತು. ಕೊನೆಗೆ ಹೋಗಿ ಕೇಳಿದ್ರೆ, ಪುಸ್ತಕ ತಿರುವಿ ಒಬ್ಬರು ಹೇಳಿದ್ರು: "ಯಜಮಾನ್ರ, ನಿಮ್ದು ಮೊನ್ನೆನ ಆತಲ್ರಿ. ವಾರಂಟ್ ಆಗೈತಿ."

ಯಾವ ಕೋರ್ಟು ಅಂತ ನಾನು ಬರೆಯಲ್ಲ. ಜಿಲ್ಲೆಯ ಒಂದು ಕೋರ್ಟು ಅಂದ್ಕೊಳ್ಳಿ. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ, ಅವರ ಪುಸ್ತಕದಲ್ಲಿ ಇದ್ದಿದ್ದು ಇದ್ದ ಹಾಗೆ ಹೇಳಿದ್ರು ಅಷ್ಟೆ. ಹದಿನಾಲ್ಕನೇ ತಾರೀಖು ಹೆಸರು ಕೂಗಿದಾರೆ, ಕಾಕಾ ಇರಲಿಲ್ಲ. ವಕೀಲರು ಬೇರೆ ಊರಿನ ಕೋರ್ಟಿಗೆ ಹೋಗಿದ್ರು. ಅವರ ಕಡೆಯಿಂದ ಫೋನ್ ಬಂದಿತ್ತಂತೆ, ಆದ್ರೆ ಗಿರಣಿ ಮಷೀನಿನ ಸದ್ದಲ್ಲಿ ಕಿಸೆಯಲ್ಲಿರೋ ಫೋನ್ ಯಾರಿಗೆ ಕೇಳುತ್ತೆ? ಜಾಮೀನುರಹಿತ ವಾರಂಟ್ ಹೊರಟಿತು.

ವಾರಂಟ್ ಅನ್ನೋ ಪದ ಕೇಳಿ ಕಾಕಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ರು. ನನಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಮಾತು: "ನಾ ಏನ್ ಓಡಿ ಹೋಗಿದ್ನೇನೋ? ಇಲ್ಲೇ ಅದೀನಲ್ಲ?"

ನಮ್ಮ ದೊಡ್ಡವ್ವನ ಮಗಳು ಜೂನಿಯರ್ ವಕೀಲೆ. ಅಕ್ಕ ಅವತ್ತೇ ನಮ್ಮ ವಕೀಲರ ಹತ್ತಿರ ಮಾತಾಡಿ ವಾರಂಟ್ ವಾಪಸ್ ತಗೊಳ್ಳೋಕೆ ಅರ್ಜಿ ಹಾಕಿಸಿದ್ಲು. ಸಂಜೆ ಹೊತ್ತಿಗೆ ವಾರಂಟ್ ರದ್ದಾಯ್ತು. ಖರ್ಚು, ಎರಡು ದಿನದ ಕೂಲಿ, ಜಾಮೀನು ಕೊಟ್ಟವರ ಕೈಲಿ ಬೈಸಿಕೊಂಡಿದ್ದು, ಎಲ್ಲ ಸೇರಿ ಕಾಕಾ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಅಕ್ಕ ಇರದೇ ಇದ್ದಿದ್ರೆ? ಅಥವಾ ಹೆದರಿ ಕೋರ್ಟಿನ ಕಡೆ ತಲೆ ಹಾಕದೆ ಮನೆಗೆ ಬಂದುಬಿಟ್ಟಿದ್ರೆ?

ಈ ಸರಣಿಯಲ್ಲಿ ನಾನು ಕೇಳ್ತಿರೋದು ಸಣ್ಣ ಪ್ರಶ್ನೆ. ಗ್ಯಾಸ್ ಸಿಲಿಂಡರ್ ಹೊರಟರೆ ಮೆಸೇಜ್ ಬರುತ್ತೆ. ಬ್ಯಾಂಕಿಂದ ಹತ್ತು ರೂಪಾಯಿ ಹೋದ್ರೂ ಮೆಸೇಜ್ ಬರುತ್ತೆ. ಒಬ್ಬ ಮನುಷ್ಯನನ್ನ ಜೈಲಿಗೆ ಕಳಿಸಬಹುದಾದ ತಾರೀಖಿಗೆ ಅದೇ ಮನುಷ್ಯನ ಫೋನಿಗೆ ಒಂದು ಮೆಸೇಜ್ ಯಾಕೆ ಬರಲ್ಲ?

(3/9)
ಕಾನೂನು ಏನು ಹೇಳುತ್ತೆ ಅಂತ ಅಕ್ಕನ ಹತ್ತಿರ ಕೂತು ತಿಳ್ಕೊಂಡೆ. ಬೋರ್ ಅನ್ಸಿದ್ರೂ ಇದೊಂದು ಭಾಗ ಓದಿಬಿಡಿ, ನಾಳೆ ನಿಮ್ಮನೆಗೇ ಬೇಕಾಗಬಹುದು.

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದವಲ್ಲ, ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಂ ಹೀಗಿದೆ: ಜಾಮೀನಿನ ಮೇಲೆ ಹೊರಗಿದ್ದವರು ಸರಿಯಾದ ಕಾರಣ ಇಲ್ಲದೆ ಕೋರ್ಟಿಗೆ ಬರದಿದ್ರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಹಳೇ ಕಾನೂನಲ್ಲೂ ಇಂಥದ್ದೇ ಇತ್ತು. ಅಂದ್ರೆ ಮೂಲ ಕೇಸಲ್ಲಿ ನೀವು ಏನೂ ಮಾಡಿಲ್ಲ ಅಂತ ಕೊನೆಗೆ ಸಾಬೀತಾದ್ರೂ, ಬರದೇ ಇದ್ದಿದ್ದಕ್ಕೆ ಬೇರೆ ಕೇಸ್ ಆಗಬಹುದು. ಜಾಮೀನು ಬಾಂಡ್ ಮುಟ್ಟುಗೋಲು ಆಗಬಹುದು. ಆಗ ಜಾಮೀನು ಕೊಟ್ಟವರ ಮನೆ ಬಾಗಿಲಿಗೂ ನೋಟಿಸ್.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ವಾರಂಟಿಗೆ ಎಕ್ಸ್‌ಪೈರಿ ಡೇಟ್ ಇಲ್ಲ. ಅದು ಜಾರಿ ಆಗೋ ತನಕ ಅಥವಾ ಹೊರಡಿಸಿದ ಕೋರ್ಟೇ ರದ್ದು ಮಾಡೋ ತನಕ ಜೀವಂತ. ಎರಡು ವರ್ಷ ಬಿಟ್ಟು ಪಾಸ್‌ಪೋರ್ಟ್ ವೆರಿಫಿಕೇಶನ್‌ಗೋ ಇನ್ನೇನಕ್ಕೋ ಸ್ಟೇಷನ್ನಿಗೆ ಹೋದಾಗ ಅದು ಎದುರಿಗೆ ಬಂದು ನಿಲ್ಲಬಹುದು.

ಹಾಗಂತ ಒಂದು ತಾರೀಖು ತಪ್ಪಿದ ಕೂಡಲೇ ಜಾಮೀನುರಹಿತ ವಾರಂಟ್ ಬರಬೇಕು ಅಂತ ಏನೂ ಇಲ್ಲ. 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹಾಕಿಕೊಟ್ಟಿದೆ: ಮೊದಲು ಸಮನ್ಸ್, ಆಮೇಲೆ ಜಾಮೀನು ಸಿಗುವ ವಾರಂಟ್, ಬೇಕಂತಲೇ ತಪ್ಪಿಸಿಕೊಳ್ತಿದ್ದಾರೆ ಅಂತ ಖಾತ್ರಿ ಆದ್ಮೇಲೆ ಜಾಮೀನುರಹಿತ ವಾರಂಟ್. ಸರಿ, ಆದ್ರೆ ದಿನಕ್ಕೆ ರಾಶಿ ರಾಶಿ ಕೇಸ್ ಕೂಗಬೇಕಾದ ಕುರ್ಚಿಯಲ್ಲಿ ಕೂತವರಿಗೆ ಯಾರು ಮರೆತರು, ಯಾರು ಓಡಿದರು ಅಂತ ಹೇಗೆ ಗೊತ್ತಾಗಬೇಕು? ಇಬ್ಬರೂ ಕಾಣಿಸೋದು ಒಂದೇ ಥರ: ಹೆಸರು ಕೂಗಿದಾಗ ಯಾರೂ "ಬಂದೆ ಸಾಹೇಬ್ರ" ಅನ್ನಲ್ಲ.

ನೆನಪಿಸೋ ಮೆಸೇಜ್ ಇದ್ರೆ ಜಡ್ಜಿಗೂ ಅನುಕೂಲ. ಮೂರು ಸಲ ಮೆಸೇಜ್ ಮುಟ್ಟಿದ ಮೇಲೂ ಬರದವನ ಬಗ್ಗೆ ಗಟ್ಟಿಯಾಗಿ ಯೋಚನೆ ಮಾಡಬಹುದು.

(4/9)
ಯಾರು ತಾರೀಖು ತಪ್ಪಿಸ್ತಾರೆ ಅಂತ ನಮ್ಮ ಜಿಲ್ಲೆಯ ಮ್ಯಾಪ್ ಎದುರಿಗಿಟ್ಕೊಂಡು ಯೋಚನೆ ಮಾಡಿ.

ಗಂಗಾವತಿ, ಕಾರಟಗಿ ಕಡೆ ನೀರಾವರಿ. ನಾಟಿ, ಕೊಯ್ಲು ಬಂತು ಅಂದ್ರೆ ಇವತ್ತು ಯಾವ ವಾರ ಅನ್ನೋದೂ ನೆನಪಿರಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಹೊಲ. ಮಳೆ ಕೈಕೊಟ್ರೆ ಮಂಗಳೂರು, ಗೋವಾ, ಬೆಂಗಳೂರು ಅಂತ ದುಡಿಯೋಕೆ ಹೋಗ್ತಾರೆ. ಸಮನ್ಸ್ ಹಿಡ್ಕೊಂಡು ಬಂದವರಿಗೆ ಮನೆ ಬಾಗಿಲಲ್ಲಿ ಸಿಗೋದು ಅಜ್ಜಿ ಮತ್ತು ಬೀಗ. ಗೋವಾದಲ್ಲಿ ಗಾರೆ ಕೆಲಸ ಮಾಡ್ತಿರೋ ಮನುಷ್ಯ ಒಂದು ತಾರೀಖಿಗೆ ಬರಬೇಕು ಅಂದ್ರೆ ಮೇಸ್ತ್ರಿ ಹತ್ತಿರ ಮೂರು ದಿನ ರಜೆ ಕೇಳಬೇಕು. ಹೆಣ್ಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ, ಅದೊಂದು ಒಳ್ಳೇದಾಯ್ತು. ಆದ್ರೆ ಅವತ್ತಿನ ಕೂಲಿ ಯಾರು ಕೊಡ್ತಾರೆ?

ಬೆಂಗಳೂರಿನ ದಕ್ಷ್ ಅನ್ನೋ ಸಂಸ್ಥೆ 2016ರಲ್ಲಿ ಒಂದು ಸರ್ವೆ ಪ್ರಕಟಿಸಿತ್ತು. ದೇಶದ 24 ರಾಜ್ಯಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಕಕ್ಷಿದಾರರನ್ನ ಮಾತಾಡಿಸಿದ್ರು. ಕ್ರಿಮಿನಲ್ ಕೇಸಿನವರಿಗೆ ಒಂದು ಸಲ ಕೋರ್ಟಿಗೆ ಬಂದು ಹೋಗೋಕೆ ಸರಾಸರಿ 542 ರೂಪಾಯಿ ಖರ್ಚು, ಅದರ ಮೇಲೆ ಕೆಲಸ ಬಿಟ್ಟಿದ್ದಕ್ಕೆ 902 ರೂಪಾಯಿ ನಷ್ಟ. ಸಿವಿಲ್ ಕೇಸಿನವರಿಗೆ 497 ಮತ್ತು 844. ಇದು ಹತ್ತು ವರ್ಷ ಹಿಂದಿನ ಲೆಕ್ಕ, ಆಗ ಡೀಸೆಲ್ ರೇಟ್ ಎಷ್ಟಿತ್ತು ನೆನಪು ಮಾಡ್ಕೊಳ್ಳಿ.

ಈಗ ಕಾಕಾನ ಲೆಕ್ಕ. ಹನ್ನೊಂದು ತಾರೀಖಲ್ಲಿ ಏನೇನಾಯ್ತು ಅಂತ ಕೇಳಿದೆ. ಬೆರಳು ಮಡಚುತ್ತಾ ಹೋದರು: ಸಾಹೇಬರು ರಜೆ, ಮೂರು ಸಲ. ಸಾಕ್ಷಿ ಬರಲಿಲ್ಲ, ನಾಲ್ಕು ಸಲ. ವಕೀಲರ ಬಹಿಷ್ಕಾರ, ಒಂದು ಸಲ. ಏನಾಯ್ತು ಅಂತ ತಿಳಿಯಲೇ ಇಲ್ಲ, ಒಂದು ಸಲ. ನಿಜವಾಗಿ ಏನಾದ್ರೂ ನಡೆದಿದ್ದು ಎರಡು ಸಲ. ಇಂಥ ತಾರೀಖನ್ನ ಮನುಷ್ಯ ಎಷ್ಟು ಗಟ್ಟಿಯಾಗಿ ನೆನಪಿಟ್ಕೋತಾನೆ? ಏನೂ ಆಗದ ದಿನಗಳು ಒಂದರ ಮೇಲೊಂದು ಬಂದಾಗ ಹದಿನಾಕೂ ಹದಿನಾರೂ ಕಲಸಿಹೋಗೋದು ಸಹಜ.

(5/9)
"ಮೆಸೇಜ್ ಕಳಿಸಿದ್ರೆ ಜನ ಬಂದುಬಿಡ್ತಾರಾ? ಬರಬಾರದು ಅಂದ್ಕೊಂಡವನು ಬರಲ್ಲ ಬಿಡು." ನಮ್ಮ ಕ್ಲಾಸಿನ ಗ್ರೂಪಲ್ಲಿ ಒಬ್ಬ ಹೀಗೆ ಹಾಕಿದ್ದ. ನ್ಯಾಯವಾದ ಅನುಮಾನವೇ. ಅದನ್ನ ಪರೀಕ್ಷೆ ಮಾಡಿ ನೋಡಿದವರು ಇದ್ದಾರೆ.

ನ್ಯೂಯಾರ್ಕ್ ಸಿಟಿಯಲ್ಲಿ ಸಣ್ಣ ತಪ್ಪುಗಳಿಗೆ, ಅಂದ್ರೆ ರಸ್ತೆಯಲ್ಲಿ ಕುಡಿಯೋದು, ಗಲಾಟೆ ಮಾಡೋದು ಇಂಥದಕ್ಕೆ, ಪೊಲೀಸರು ಒಂದು ಚೀಟಿ ಕೊಟ್ಟು ಇಂಥ ದಿನ ಕೋರ್ಟಿಗೆ ಬಾ ಅಂತಿದ್ರು. ಹತ್ತರಲ್ಲಿ ನಾಲ್ಕು ಜನ ಬರ್ತಾ ಇರಲಿಲ್ಲ. ಬರದಿದ್ರೆ ವಾರಂಟ್. ಸಂಶೋಧಕರು ಮೊದಲು ಆ ಚೀಟಿಯನ್ನೇ ನೋಡಿದ್ರು. ಯಾವತ್ತು, ಎಲ್ಲಿಗೆ ಬರಬೇಕು ಅನ್ನೋದು ಕಣ್ಣಿಗೆ ಬೀಳೋ ಜಾಗದಲ್ಲೇ ಇರಲಿಲ್ಲ. ಅದನ್ನ ಮೇಲಕ್ಕೆ ತಂದು, ಬರದಿದ್ರೆ ವಾರಂಟ್ ಆಗುತ್ತೆ ಅಂತ ದಪ್ಪಕ್ಷರದಲ್ಲಿ ಬರೆದ್ರು. ಅಷ್ಟಕ್ಕೇ ತಪ್ಪಿಸೋರು ಶೇಕಡಾ 13ರಷ್ಟು ಕಡಿಮೆ ಆದ್ರು. ಆಮೇಲೆ ತಾರೀಖಿನ ಹಿಂದಿನ ವಾರದಲ್ಲಿ ಮೆಸೇಜ್ ಕಳಿಸಿದ್ರು: ಏಳು ದಿನ ಮುಂಚೆ, ಮೂರು ದಿನ ಮುಂಚೆ, ಹಿಂದಿನ ದಿನ. ಮೆಸೇಜ್ ಹೋದವರಲ್ಲಿ ತಪ್ಪಿಸೋರು ಶೇಕಡಾ 21ರಷ್ಟು ಕಡಿಮೆ. 2020ರಲ್ಲಿ ಇದು ಸೈನ್ಸ್ ಪತ್ರಿಕೆಯಲ್ಲಿ ಬಂತು.

ಅದೇ ಅಧ್ಯಯನದಲ್ಲಿ ನನಗೆ ಹೆಚ್ಚು ನಾಟಿದ್ದು ಇನ್ನೊಂದು ಮಾತು. ಸಾಮಾನ್ಯ ಜನರನ್ನ ಕೇಳಿದ್ರೆ, ಕೋರ್ಟಿನ ತಾರೀಖು ತಪ್ಪಿಸಿದವನು ಬೇಕಂತಲೇ ತಪ್ಪಿಸಿರ್ತಾನೆ ಅಂತ ನಂಬ್ತಾರೆ. ಬೇರೆ ಯಾವುದೋ ಅಪಾಯಿಂಟ್‌ಮೆಂಟ್ ತಪ್ಪಿಸಿದವನ ಬಗ್ಗೆ ಅಷ್ಟು ಗಟ್ಟಿಯಾಗಿ ಹಾಗೆ ಹೇಳಲ್ಲ. ನಾವೂ ಹಾಗೇ ತಾನೆ? ಪರೀಕ್ಷೆ ಫೀಸ್ ಕಟ್ಟೋ ಕೊನೇ ದಿನ ಎಷ್ಟು ಜನ ಮರೆತಿಲ್ಲ ಹೇಳಿ ನಮ್ಮ ಕ್ಲಾಸಲ್ಲಿ. ಗ್ರೂಪಲ್ಲಿ ಅನುಮಾನ ಹಾಕಿದವನೂ ಅದರಲ್ಲಿ ಒಬ್ಬ 😄 ದಂಡ ಕಟ್ಟಿ ಬಂದ. ಅವನನ್ನ ಯಾರೂ ತಲೆಮರೆಸಿಕೊಂಡವನು ಅನ್ನಲಿಲ್ಲ.

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಸರ್ಕಾರದ ಕಡೆಯ ಉಚಿತ ವಕೀಲರು ತಮ್ಮ 5,709 ಕಕ್ಷಿದಾರರ ಮೇಲೆ ಇದನ್ನೇ ಮಾಡಿ ನೋಡಿದ್ರು. ಮೆಸೇಜ್ ಹೋಗದವರಲ್ಲಿ ನೂರಕ್ಕೆ 12 ಜನರ ಮೇಲೆ ವಾರಂಟ್, ಹೋದವರಲ್ಲಿ ಹತ್ತಕ್ಕಿಂತ ಕಡಿಮೆ. ದೊಡ್ಡ ಪವಾಡ ಏನಲ್ಲ. ಆದ್ರೆ ಒಂದು ಮೆಸೇಜಿಗೆ ಒಂದು ರೂಪಾಯಿನೂ ಬೀಳಲ್ಲ, ಒಂದು ವಾರಂಟಿಗೆ ಪೊಲೀಸರ ಅರ್ಧ ದಿನ ಹೋಗುತ್ತೆ.

ನಮ್ಮಲ್ಲೂ ಅಷ್ಟೇ ಇಳಿಯುತ್ತೆ ಅಂತ ನಾನು ಹೇಳಲ್ಲ. ಅಲ್ಲಿ ಆ ಸಣ್ಣ ಕೇಸುಗಳು ಬೇಗ ಮುಗಿದುಹೋಗ್ತವೆ. ಇಲ್ಲಿ ತಾರೀಖಿನ ಬಾಲಕ್ಕೆ ತಾರೀಖು. ಆದ್ರೆ ಹನ್ನೆರಡು ತಾರೀಖು ನೆನಪಿಡಬೇಕಾದವನಿಗೆ ನೆನಪಿಸೋರು ಇನ್ನೂ ಹೆಚ್ಚು ಬೇಕಲ್ವಾ?

(6/9)
ಈಗ ತಮಾಷೆ ನೋಡಿ. ಈ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಇದೆ!

ಇಕೋರ್ಟ್ಸ್ ಯೋಜನೆ ಶುರುವಾಗಿದ್ದು 2007ರಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ಅದರ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿದೆ. ಕೇಸ್ ದಾಖಲಾದಾಗ, ಮುಂದೂಡಿದಾಗ, ಮುಗಿದಾಗ ತಾನಾಗೇ ಮೆಸೇಜ್ ಹೋಗೋ ಸೌಲಭ್ಯ ಅದರಲ್ಲಿದೆ. ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ವಕೀಲರಿಗೆ ವಾಟ್ಸಾಪ್‌ನಲ್ಲೇ ಕೇಸಿನ ಮಾಹಿತಿ ಕಳಿಸೋದಾಗಿ ಹೇಳಿತು.

ಹಾಗಾದ್ರೆ ಕಾಕಾಗೆ ಯಾಕೆ ಬರಲಿಲ್ಲ? ಅಕ್ಕನ ಕೈಲಿ ವಿಚಾರಿಸಿಸಿದೆ. ಕೇಸಿನ ದಾಖಲೆಯಲ್ಲಿ ಇದ್ದಿದ್ದು ವಕೀಲರ ನಂಬರ್. ಅವರ ಫೋನಿಗೆ ಮೆಸೇಜ್ ಬಂದಿತ್ತು, ಅವತ್ತು ಬಂದ ಇನ್ನೂ ಎಷ್ಟೋ ಮೆಸೇಜ್‌ಗಳ ಜೊತೆ, ಇಂಗ್ಲಿಷಿನಲ್ಲಿ. ಕಾಕಾನ ನಂಬರನ್ನ ಯಾರೂ ಕೇಳಿರಲಿಲ್ಲ, ಕಾಕಾನೂ ಕೊಟ್ಟಿರಲಿಲ್ಲ. ಕೊಡಬಹುದು ಅಂತ ಗೊತ್ತಿದ್ರೆ ತಾನೆ?

ನನ್ನ ವಾದ ಎಲ್ಲ ಇಲ್ಲಿದೆ. ಕೋಟಿಗಟ್ಟಲೆ ದುಡ್ಡಿನ ಹೊಸ ಯೋಜನೆ ಬೇಕಿಲ್ಲ. ಜಾಮೀನು ಬಾಂಡ್ ಬರೆಸುವಾಗ ತಂದೆ ಹೆಸರು, ವಯಸ್ಸು, ಊರು, ಆಧಾರ್ ಎಲ್ಲ ಬರೆಸ್ಕೋತೀರಿ. ಅಲ್ಲೇ ಆ ಮನುಷ್ಯನ ಸ್ವಂತ ಫೋನ್ ನಂಬರ್ ಬರೆಸಿ, ಅವತ್ತೇ ಕಂಪ್ಯೂಟರ್‌ಗೆ ಏರಿಸಿ. ಜೊತೆಗೆ ಮನೆಯ ಇನ್ನೊಂದು ನಂಬರ್, ಮಗಂದೋ ಮಗಳದೋ, ಯಾಕಂದ್ರೆ ದುಡಿಯೋಕೆ ಹೋದವರು ಸಿಮ್ ಬದಲಾಯಿಸ್ತಾರೆ, ರೀಚಾರ್ಜ್ ಇಲ್ಲದೆ ನಂಬರೇ ಬೇರೆಯವರ ಪಾಲಾಗುತ್ತೆ. ಪ್ರತಿ ತಾರೀಖಿಗೂ ಒಂದು ಮಾತು ಕೇಳಿ: "ನಂಬರ್ ಅದೇ ಐತೇನ್ರಿ?"

ಸಾಕ್ಷಿಗಳದ್ದೂ ಹೀಗೇ. ಕಾಕಾನ ನಾಲ್ಕು ತಾರೀಖು ಹಾಳಾಗಿದ್ದು ಸಾಕ್ಷಿ ಬರದೆ ಅಂತ ಮೇಲೆ ಹೇಳಿದ್ನಲ್ಲ.

(7/9)
ಮೆಸೇಜ್ ಹೇಗಿರಬೇಕು ಅಂತ ನಾನೇ ಒಂದು ಬರೆದೆ. ಕಾಕಾಗೆ ಓದೋಕೆ ಕೊಟ್ಟೆ. ಮೊದಲನೇದರಲ್ಲಿ "ವಿಚಾರಣೆಗೆ ನಿಗದಿಪಡಿಸಲಾಗಿದೆ" ಅಂತಿತ್ತು. "ಇದೇನ್ ಸಾಹಿತ್ಯ ಸಮ್ಮೇಳನ ಏನ್?" ಅಂದ್ರು. ಎರಡನೇದು ಪಾಸ್ ಆಯ್ತು:

"ನಿಮ್ಮ ಕೋರ್ಟ್ ತಾರೀಖು: 14, ಮಂಗಳವಾರ, ಬೆಳಿಗ್ಗೆ 11 ಗಂಟೆ. ಕೋರ್ಟ್ ಹಾಲ್ 2. ಬರೋಕೆ ಆಗದಿದ್ದರೆ ಇವತ್ತೇ ನಿಮ್ಮ ವಕೀಲರಿಗೆ ಹೇಳಿ. ಹೇಳದೆ ತಪ್ಪಿಸಿದರೆ ವಾರಂಟ್ ಆಗಬಹುದು. ಈ ಮೆಸೇಜಿಗೆ ದುಡ್ಡು ಕಟ್ಟಬೇಕಿಲ್ಲ."

ವಾರದ ಹೆಸರು ಹಾಕು ಅಂದಿದ್ದು ಕಾಕಾನೇ. ನಮ್ಮ ಹಿರಿಯರು ದಿನ ನೆನಪಿಡೋದು ಅಂಕಿಯಿಂದ ಅಲ್ಲ. ಸಂತೆ ದಿನ, ಅಮಾಸಿ ಮರುದಿನ, ಮಂಗಳವಾರ, ಹೀಗೆ. "ಮಂಗಳವಾರ ಅಂದಿದ್ರ ನಾ ಬೇಸ್ತವಾರ ಯಾಕ ಹೋಗ್ತಿದ್ದೆ?" ಅಂದ್ರು. ಯಾವ ಸಂಶೋಧನೆಯೂ ಹೇಳದ ಮಾತಿದು. ಈ ಊರಿನ ಮೆಸೇಜನ್ನ ಈ ಊರಿನವರೇ ಬರೀಬೇಕು ಅನ್ನೋದು ಇದಕ್ಕೇ.

ವಕೀಲರಿಗೆ ಹೇಳಿ ಅನ್ನೋ ಸಾಲೂ ಸುಮ್ಮನೆ ಹಾಕಿದ್ದಲ್ಲ. ಜ್ವರ ಬಂದಿದ್ರೆ, ಮನೆಯಲ್ಲಿ ಸಾವಾಗಿದ್ರೆ, ಆ ದಿನದ ಮಟ್ಟಿಗೆ ಹಾಜರಾತಿಯಿಂದ ವಿನಾಯಿತಿ ಕೊಡಿ ಅಂತ ವಕೀಲರು ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ಮನೆ ಮನೆಯಲ್ಲಿ ಉಳಿದುಬಿಡ್ತಾರೆ. ವಕೀಲರೇ ಇಲ್ಲ ಅನ್ನೋರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, 15100ಕ್ಕೆ ಫೋನ್ ಮಾಡಬಹುದು. ಹೆಣ್ಮಕ್ಕಳಿಗೆ, ಎಸ್ಸಿ ಎಸ್ಟಿ ಸಮುದಾಯದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ.

ಇನ್ನೊಂದು ಮೆಸೇಜ್ ಬೇಕು, ಇದು ಮೊದಲನೇದಕ್ಕಿಂತ ಮುಖ್ಯ ಅಂತ ನನಗನ್ಸುತ್ತೆ: "ನಾಳೆ ಬರಬೇಡಿ."

ಸಾಹೇಬರು ರಜೆ ಅಂತ ಹಿಂದಿನ ದಿನವೇ ಗೊತ್ತಿದ್ರೆ ಹಿಂದಿನ ದಿನವೇ ಹೇಳಿ, ಹೊಸ ತಾರೀಖಿನ ಸಮೇತ. ಕುಷ್ಟಗಿಯ ಯಾವುದೋ ಹಳ್ಳಿಯಿಂದ ಬೆಳಿಗ್ಗೆ ಆರಕ್ಕೆ ಬಸ್ ಹಿಡಿದು ಬಂದವಳಿಗೆ ಹನ್ನೊಂದಕ್ಕೆ "ಇವತ್ತು ಕೋರ್ಟ್ ಇಲ್ಲ" ಅನ್ನೋದು ಎಷ್ಟು ಸರಿ? ಬಾ ಅಂತ ನೆನಪಿಸೋ ಮೆಸೇಜ್ ಕೋರ್ಟಿಗೆ ಅನುಕೂಲ. ಬರಬೇಡ ಅನ್ನೋ ಮೆಸೇಜ್ ಕೂಲಿಯವರಿಗೆ ಅನುಕೂಲ. ಎರಡೂ ಒಟ್ಟಿಗೆ ಬಂದ್ರೆ ಮಾತ್ರ ಆ ನಂಬರ್ ಮೇಲೆ ಜನಕ್ಕೆ ನಂಬಿಕೆ ಹುಟ್ಟುತ್ತೆ. ಬರೀ ಮೊದಲನೇದು ಮಾಡಿದ್ರೆ, ಮೂರು ಸಲ ಸುಮ್ಮನೆ ಅಲೆದವರು ನಾಲ್ಕನೇ ಮೆಸೇಜನ್ನ ಸಾಲದ ಆಫರ್ ಮೆಸೇಜ್ ಥರ ಒರೆಸಿಹಾಕ್ತಾರೆ.

(8/9)
ಹೋದ ವಾರ ಸ್ಟೋರಿಯಲ್ಲಿ ಇದನ್ನ ಹಾಕಿದಾಗ ಬಂದ ತಕರಾರುಗಳು.

"ಕೋರ್ಟ್ ಏನು ಮಕ್ಕಳನ್ನ ಸಾಕೋ ಅಂಗನವಾಡಿನಾ?" ಅಂತ ಒಬ್ಬರು. ನೆನಪಿಡೋದು ಕಕ್ಷಿದಾರನ ಜವಾಬ್ದಾರಿ ಅನ್ನೋದು ಅವರ ಮಾತು. ಹೌದು, ಜವಾಬ್ದಾರಿಯೇ. ಕರೆಂಟ್ ಬಿಲ್ ಕಟ್ಟೋದೂ ನಮ್ಮ ಜವಾಬ್ದಾರಿಯೇ, ಅದಕ್ಕೂ ಮೆಸೇಜ್ ಬರುತ್ತೆ. ನಾವದನ್ನ ಯಾವತ್ತೂ ಅವಮಾನ ಅಂದ್ಕೊಂಡಿಲ್ಲ.

"ಕೋರ್ಟ್ ಹೆಸರಲ್ಲಿ ಬರೋ ಮೆಸೇಜೆಲ್ಲ ಫ್ರಾಡ್" ಅಂತ ಇನ್ನೊಬ್ಬಳು. ಇದು ತಳ್ಳಿಹಾಕೋ ಮಾತಲ್ಲ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಎಷ್ಟು ಜನರ ದುಡ್ಡು ಹೊಡೆದಿದ್ದಾರೆ! ಕಾನೂನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಬೇಕಾಯ್ತು. ಅದಕ್ಕೇ ಮೆಸೇಜಿನಲ್ಲಿ ಲಿಂಕ್ ಇರಬಾರದು, ದುಡ್ಡಿನ ಮಾತು ಇರಬಾರದು, ವಿಡಿಯೋ ಕಾಲ್ ಅಂತೂ ಇಲ್ಲವೇ ಇಲ್ಲ. ಸರ್ಕಾರಿ ಮೆಸೇಜ್ ಕಳಿಸಿದವರ ಹೆಸರಿನ ಕೊನೆಗೆ ಈಗ ಇಂಗ್ಲಿಷಿನ ಜಿ ಅಕ್ಷರ ಇರುತ್ತೆ, ಅದನ್ನೂ ನೋಡ್ಕೊಳ್ಳಿ. ಅನುಮಾನ ಬಂದ್ರೆ ಮೆಸೇಜಿನಲ್ಲಿರೋ ನಂಬರಿಗೆ ಫೋನ್ ಮಾಡಬೇಡಿ, ವಕೀಲರಿಗೆ ಮಾಡಿ. ಮೋಸ ಹೋದ್ರೆ 1930.

ಮೂರನೇ ತಕರಾರು ಅಕ್ಕಂದು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಮನೆಯಲ್ಲಿ ಒಂದೇ ಫೋನ್, ಅದು ಗಂಡನ ಅಂಗಿ ಕಿಸೆಯಲ್ಲಿ. ಹೆಂಡತಿ ತವರಿನ ಬಲದಿಂದ ಜೀವನಾಂಶದ ಕೇಸ್ ಹಾಕಿದಾಳೆ, ಇನ್ನೂ ಅದೇ ಮನೆಯಲ್ಲಿದಾಳೆ ಅಂದ್ಕೊಳ್ಳಿ. ಮೆಸೇಜ್ ಯಾರ ಕಣ್ಣಿಗೆ ಬೀಳುತ್ತೆ? ಅಥವಾ ಗಿರಣಿ ಮುಕಾದಮನ ಫೋನಲ್ಲಿ ಹಮಾಲಿಯ ಕೇಸಿನ ಮೆಸೇಜ್ ಬಂದ್ರೆ ನಾಳೆ ಕೆಲಸ ಇರುತ್ತಾ? ಮೆಸೇಜಿನಲ್ಲಿ ಹೆಸರು, ಕಲಂ, ಎದುರಿನವರು ಯಾರು ಅನ್ನೋದೆಲ್ಲ ಬೇಡ, ತಾರೀಖು ಮತ್ತು ಜಾಗ ಮಾತ್ರ ಸಾಕು ಅಂತ ಅಕ್ಕ ಹೇಳ್ತಾಳೆ. ಯಾವ ನಂಬರ್ ಅನ್ನೋದನ್ನ ಕಕ್ಷಿದಾರರೇ ಆರಿಸಬೇಕು, ಬೇಡ ಅನ್ನೋ ಹಕ್ಕೂ ಇರಬೇಕು. ನಾನು ಒಪ್ತೀನಿ. ಆದ್ರೂ "ಕೋರ್ಟ್" ಅನ್ನೋ ಒಂದು ಪದವೇ ಕೆಲವು ಮನೆಗಳಲ್ಲಿ ಸಾಕಾಗುತ್ತೆ ಜಗಳಕ್ಕೆ, ಅದೂ ಗೊತ್ತು.

ಕೊನೇದು ಕಾನೂನಿನ ಮಾತು. ನೆನಪಿಸೋ ಮೆಸೇಜ್ ಸಮನ್ಸ್ ಆಗಬಾರದು. ಪೊಲೀಸರು ವಿಚಾರಣೆಗೆ ಬಾ ಅಂತ ಕೊಡೋ ನೋಟಿಸನ್ನ ವಾಟ್ಸಾಪ್‌ನಲ್ಲಿ ಕಳಿಸಿದ್ರೆ ನಡೆಯಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟಿನ ಸಮನ್ಸ್ ಎಲೆಕ್ಟ್ರಾನಿಕ್ ಆಗಿ ಕೊಡೋಕೆ ಹೊಸ ಕಾನೂನಲ್ಲಿ ಅವಕಾಶ ಇದೆ, ಅದು ಬೇರೆ ದಾರಿ, ಅದಕ್ಕೆ ಬೇರೆ ನಿಯಮ. ನಾನು ಹೇಳ್ತಿರೋದು ಬಾಗಿಲಲ್ಲಿ ನಿಂತು "ನಾಳೆ ಐತಿ ನೋಡಪಾ" ಅನ್ನೋ ಪಕ್ಕದ್ಮನೆಯವರ ಮಾತಿನಂಥದ್ದು. ಅದು ಮುಟ್ಟಲಿಲ್ಲ ಅಂತ ಕೇಸ್ ನಿಲ್ಲಬಾರದು. ನೀಲಿ ಟಿಕ್ ಬಂತು ಅಂತ ಯಾರನ್ನೂ ಹಿಡಿಯಲೂಬಾರದು.

(9/9)
ಇದು ಆರೋಪಿಗಳ ಪರ ಬರೆದಿದ್ದು ಅಂತ ಅನ್ಸಿದ್ರೆ ಮರಕುಂಬಿ ನೆನಪು ಮಾಡ್ಕೊಳ್ಳಿ. ನಮ್ಮ ತಾಲ್ಲೂಕಿನದೇ ಊರು. 2014ರ ಆಗಸ್ಟ್‌ನಲ್ಲಿ ಅಲ್ಲಿ ದಲಿತ ಕೇರಿಯ ಮೇಲೆ ದಾಳಿ ಆಯ್ತು, ಗುಡಿಸಲಿಗೆ ಬೆಂಕಿ ಬಿತ್ತು. ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ಕೋರ್ಟ್ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ. ಆಮೇಲೆ ವಿಷಯ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಯ್ತು. ಮೊದಲ ತೀರ್ಪಿಗೇ ಹತ್ತು ವರ್ಷ. ಇಂಥ ಕೇಸಲ್ಲಿ ಒಬ್ಬ ಸಾಕ್ಷಿ ಹತ್ತು ವರ್ಷ ಹಿಂದಿನ ಆ ದಿನವನ್ನೂ ನೆನಪಿಟ್ಕೊಂಡಿರಬೇಕು, ಮುಂದಿನ ವಾರದ ತಾರೀಖನ್ನೂ ನೆನಪಿಟ್ಕೊಂಡಿರಬೇಕು. ಮೊದಲನೇದಕ್ಕೆ ಯಾರೂ ಸಹಾಯ ಮಾಡೋಕಾಗಲ್ಲ. ಎರಡನೇದಕ್ಕೆ ಆಗುತ್ತೆ. ನೊಂದವರ ಕಡೆಯ ಸಾಕ್ಷಿ ಒಂದು ದಿನ ತಪ್ಪಿದ್ರೆ ತೀರ್ಪು ಇನ್ನೆರಡು ತಿಂಗಳು ದೂರ.

ನಮ್ಮ ಜಿಲ್ಲೆಯ ಕೋರ್ಟುಗಳಲ್ಲಿ ಇದನ್ನ ಒಂದು ವರ್ಷ ಮಾಡಿ ನೋಡಲಿ ಅನ್ನೋದು ನನ್ನ ಕೋರಿಕೆ. ಒಂದೇ ಕೋರ್ಟ್ ಹಾಲಿನಲ್ಲಿ ಶುರು ಮಾಡಿದ್ರೂ ಸರಿ. ಎಷ್ಟು ವಾರಂಟ್ ಕಡಿಮೆ ಆದವು ಅಂತ ಎಣಿಸಿದ್ರೆ ಮುಂದಿನ ಮಾತು ತಾನಾಗೇ ಬರುತ್ತೆ.

ಅಲ್ಲಿ ತನಕ ಆ ಮೆಸೇಜ್ ನಾವೇ ಕಳಿಸೋಣ. ಮನೆಯಲ್ಲಿ ಯಾರದ್ದಾದ್ರೂ ಕೇಸ್ ಇದ್ರೆ ಕಾಗದ ಹುಡುಕಿ. ಅದರ ಮೇಲೆ ಸಿಎನ್‌ಆರ್ ಅಂತ 16 ಅಕ್ಷರ ಅಂಕಿಗಳ ನಂಬರ್ ಇರುತ್ತೆ. ಸಿಗದಿದ್ರೆ ವಕೀಲರನ್ನ ಕೇಳಿ. ಇಕೋರ್ಟ್ಸ್ ಸರ್ವೀಸಸ್ ಆಪ್‌ನಲ್ಲಿ ಅದನ್ನ ಹಾಕಿದ್ರೆ ಮುಂದಿನ ತಾರೀಖು ಬರುತ್ತೆ, ಕೇಸನ್ನ ಉಳಿಸಿಟ್ಕೊಳ್ಳೋಕೂ ಆಗುತ್ತೆ. ಸ್ಮಾರ್ಟ್‌ಫೋನ್ ಇಲ್ಲದವರು ಇಂಗ್ಲಿಷಿನಲ್ಲಿ ಇಕೋರ್ಟ್ಸ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 9766899899ಕ್ಕೆ ಎಸ್ಸೆಮ್ಮೆಸ್ ಕಳಿಸಿದ್ರೆ ಉತ್ತರ ಬರುತ್ತೆ. ಒಂದು ಎಚ್ಚರಿಕೆ: ಅವತ್ತಿನ ಹೊಸ ತಾರೀಖು ಕಂಪ್ಯೂಟರ್‌ಗೆ ಏರೋಕೆ ಸಂಜೆ ಆಗಬಹುದು, ಮಧ್ಯಾಹ್ನ ನೋಡಿ ಗಾಬರಿ ಆಗಬೇಡಿ.

ಕೊನೇ ಫೋಟೋದಲ್ಲಿರೋದು ನನ್ನ ಫೋನಿನ ಕ್ಯಾಲೆಂಡರ್. ಕಾಕಾಂದು, ಎದುರು ಕೇಸಿನ ಎದುರುಮನೆ ಅಣ್ಣಂದು, ಹಿಂದಿನ ಓಣಿಯ ಒಬ್ಬ ಅವ್ವನ ಜಮೀನಿನ ಕೇಸು, ಒಟ್ಟು ಏಳು ತಾರೀಖು ಇದೆ ಅದರಲ್ಲಿ. ಹೌದು, ಕಾಕಾ ಮತ್ತು ಎದುರು ಪಾರ್ಟಿ ಇಬ್ಬರಿಗೂ ನಾನೇ ನೆನಪಿಸ್ತೀನಿ 😅 ಹೋದ ಸಲ ಇಬ್ಬರೂ ಒಂದೇ ಬೈಕಲ್ಲಿ ಹೋದ್ರು.

ನಿಮ್ಮ ಓಣಿಯಲ್ಲೂ ಇಂಥವರು ಇದ್ರೆ ಕೇಸ್ ನಂಬರನ್ನ ಕಾಮೆಂಟಲ್ಲಿ ಹಾಕಬೇಡಿ, ಡಿಎಂ ಮಾಡಿ. ಶನಿವಾರ ಸಂಜೆ ಅಕ್ಕ ಬಿಡುವಾಗಿರ್ತಾಳೆ, ಕಾಗದ ತಗೊಂಡು ಬನ್ನಿ, ಕೂತು ನೋಡೋಣ. ಶನಿವಾರ ಅಂದ್ರೆ ಇದೇ ಶನಿವಾರ, ಇಪ್ಪತ್ತೆರಡು. ಇಪ್ಪತ್ತೆರಡು!

#ಗಂಗಾವತಿ #ಕೊಪ್ಪಳ #ಕೋರ್ಟ್‌ತಾರೀಖು